ಲಾಟ್ವಿಯಾ ದೇಶದ ಬಣ್ಣದ ಕೈಗವಸುಗಳು

ಯೂರೋಪು ಖಂಡದ ಭೂಪಟವನ್ನು ಬಿಡಿಸಿ ನೋಡಿದರೆ, ಬಾಲ್ಟಿಕ್ ಸಮುದ್ರದ ಪೂರ್ವದ ದಡದಲ್ಲಿ ಮೂರು ಸಣ್ಣ ದೇಶಗಳು ಒಂದರ ಕೆಳಗೊಂದು ಇರುವುದು ಕಾಣುವುದು. ಅವುಗಳಲ್ಲಿ ನಡುವಣದು ಲಾಟ್ವಿಯಾ. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಮೂರರಲ್ಲೊಂದು ಪಾಲು. ಜನಸಂಖ್ಯೆಯೋ ಇಪ್ಪತ್ತು ಲಕ್ಷಕ್ಕೂ ಕಡಿಮೆ. ಆ ದೇಶದ ಹೆಸರನ್ನೇ ಕೇಳದ ವಾಚಕರು ಇದ್ದರೂ ಇರಬಹುದು. ಆದರೆ ಮನೆವಾರ್ತೆಯನ್ನು ಬಲ್ಲವರೆಲ್ಲರೂ ತಿಳಿದು ಸಂತೋಷಪಡತಕ್ಕ ಒಂದು ವಿದ್ಯೆ ಅಲ್ಲಿ ಶತಮಾನಗಳಿಂದ ಬೆಳೆದು ಬಂದಿದೆ. ಅದು ಉಣ್ಣೆಯ ದಾರದಿಂದ ಬಣ್ಣಬಣ್ಣದ ಕೈಗವಸುಗಳನ್ನು ಹೆಣೆಯುವ ವಿದ್ಯೆ.

ನಮ್ಮ ಸೀಮೆಯಲ್ಲಿ ಕೈಗವಸಿನ ಪ್ರಯೋಜನ ಅಷ್ಟಾಗಿ ಇಲ್ಲ. ಲಾಟ್ವಿಯಾದಲ್ಲಾದರೋ ಅದು ಅನ್ನದಷ್ಟೇ ಅಗತ್ಯವಾದ ವಸ್ತು. ಅಲ್ಲಿ ಚಳಿಗಾಲವು ನವೆಂಬರಿನಿಂದ ಮಾರ್ಚಿಯವರೆಗೂ ಹಬ್ಬಿರುವುದು. ಡಿಸೆಂಬರು ತಿಂಗಳ ಉತ್ತರಾರ್ಧದಲ್ಲಿ ರಾಜಧಾನಿಯಾದ ರೀಗಾ ನಗರಕ್ಕೆ ದಿನವೊಂದಕ್ಕೆ ಏಳು ಗಂಟೆಯ ಹಗಲು ಕೂಡ ದೊರೆಯುವುದಿಲ್ಲ. ಹೊಲಗಳು ಹಿಮದಡಿಯಲ್ಲಿ ಮಲಗಿರುವ ಆ ದೀರ್ಘರಾತ್ರಿಗಳಲ್ಲಿ ಒಲೆಯ ಬಳಿ ಕುಳಿತು ಮಾಡಬಹುದಾದ ಕೆಲಸವೆಂದರೆ ನೂಲುವುದು, ನೇಯುವುದು, ಹೆಣೆಯುವುದು. ಹೀಗೆ ಚಳಿಯೇ ಕೈಗವಸನ್ನು ಬೇಡಿತು. ಆ ಚಳಿಯೇ ಅದನ್ನು ಹೆಣೆಯುವುದಕ್ಕೆ ಬಿಡುವನ್ನೂ ಕೊಟ್ಟಿತು.

ಇಲ್ಲಿ ಹೇಳುವ ಕೈಗವಸಿಗೆ ಐದು ಬೆರಳುಗಳ ಐದು ಮನೆಗಳಿಲ್ಲ. ಹೆಬ್ಬೆರಳಿಗೆ ಮಾತ್ರ ಬೇರೆ ಮನೆ. ಉಳಿದ ನಾಲ್ಕೂ ಬೆರಳುಗಳು ಒಂದೇ ಮನೆಯಲ್ಲಿ ಒಟ್ಟಿಗೆ ಇರುವುವು. ಒಂದರ ಕಾವು ಇನ್ನೊಂದಕ್ಕೆ ಸಲ್ಲುವುದರಿಂದ ಇದು ಬಿಡಿಬೆರಳಿನ ಕೈಗವಸಿಗಿಂತ ಬೆಚ್ಚಗಿರುವುದು. ಲಾಟ್ವಿಯನ್ನರು ಇದನ್ನು ತಮ್ಮ ಭಾಷೆಯಲ್ಲಿ ಮುಷ್ಟಿಯ ಹೆಸರಿನಿಂದಲೇ ಕರೆಯುವರು. ಕೂಡು ಕುಟುಂಬದ ಸುಖವನ್ನು ಬಲ್ಲ ನಮಗೆ ಈ ನಾಲ್ಕು ಬೆರಳುಗಳ ಸಂಸಾರವು ಸುಲಭವಾಗಿ ಅರ್ಥವಾಗುವುದು.

ಆ ಭಾಷೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಲಾಟ್ವಿಯನ್ ಭಾಷೆ ಸಂಸ್ಕೃತಕ್ಕೆ ದೂರದ ದಾಯಾದಿ. ನಾವು ದೇವನೆನ್ನುವುದನ್ನು ಅವರು ‘ದಿಯೆವ್ಸ್’ ಎನ್ನುವರು. ಅಗ್ನಿಯನ್ನು ‘ಉಗುನ್ಸ್’ ಎನ್ನುವರು. ಉಣ್ಣೆಗೆ ಅವರ ಹೆಸರು ‘ವಿಲ್ನ’. ಇದೂ ಸಂಸ್ಕೃತದ ‘ಊರ್ಣಾ’ ಶಬ್ದವೂ ಒಂದೇ ಬೇರಿನವು. ಆ ಊರ್ಣಾ ಶಬ್ದವೇ ಪ್ರಾಕೃತದ ಬಾಯಲ್ಲಿ ಸವೆದು ಕನ್ನಡಕ್ಕೆ ಬಂದು ನಮ್ಮ ‘ಉಣ್ಣೆ’ ಆಯಿತು. ನಮ್ಮ ಕುರುಬರ ಕರಿಯ ಕಂಬಳಿಗೂ ಬಾಲ್ಟಿಕ್ ತೀರದ ಕೈಗವಸಿಗೂ ನಡುವೆ ಹೀಗೆ ಹೆಸರಿನ ಒಂದು ಎಳೆ ಓಡಿದೆ.

ಕೈಗವಸಿನ ಕೆಲಸ ಕುರಿಯಿಂದ ಮೊದಲಾಗುವುದು. ಉಣ್ಣೆಯನ್ನು ಕತ್ತರಿಸಿ, ತೊಳೆದು, ಹಿಂಜಿ, ರಾಟೆಯಲ್ಲಿ ನೂತು, ಎರಡೆಳೆ ಹುರಿ ಮಾಡಿ, ಲಡಿ ಕಟ್ಟಿದ ಮೇಲೆ ಬಣ್ಣದ ಸರದಿ. ಹಿಂದೆ ಕೆಂಪು ಬಣ್ಣವನ್ನು ನಮ್ಮ ಮಂಜಿಷ್ಠದ ಕುಲಕ್ಕೇ ಸೇರಿದ ಒಂದು ಸಣ್ಣ ಕಾಡುಗಿಡದ ಬೇರಿನಿಂದ ತೆಗೆಯುತ್ತಿದ್ದರು. ಹಳದಿಗೆ ‘ಬೇರ್ಜ್ಸ್’ ಎಂಬ ಮರದ ಎಲೆ. ಅದು ನಮ್ಮ ಹಿಮಾಲಯದ ಭೂರ್ಜವೃಕ್ಷದ ಬಂಧು, ಹೆಸರಿನಲ್ಲಿಯೂ ಬಂಧು. ನೀಲಿಯನ್ನು ಮಾತ್ರ ದೂರದೇಶದ ವರ್ತಕರಿಂದ ಕೊಳ್ಳಬೇಕಾಗಿತ್ತು. ಆದುದರಿಂದ ಅದನ್ನು ಜೋಪಾನವಾಗಿ ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಾಸಾಯನಿಕ ಬಣ್ಣಗಳು ಅಂಗಡಿಗೆ ಬಂದುವು. ಆ ಬಳಿಕ ಹಳ್ಳಿಯ ಕೈಗವಸುಗಳಲ್ಲಿ ಕಡುಗೆಂಪು, ಕಿತ್ತಳೆ, ನೇರಿಳೆಗಳೂ ಮೆರೆಯತೊಡಗಿದುವು.

ಹೆಣಿಗೆಗೆ ಬೇಕಾದುದು ಐದು ಸಣ್ಣ ಕಡ್ಡಿಗಳು. ನಾಲ್ಕು ಕಡ್ಡಿಗಳ ಮೇಲೆ ಕುಣಿಕೆಗಳು ಚೌಕವಾಗಿ ನಿಲ್ಲುವುವು. ಐದನೆಯ ಕಡ್ಡಿ ಸುತ್ತು ಸುತ್ತಾಗಿ ಹೆಣೆಯುತ್ತ ಹೋಗುವುದು. ಒಂದೊಂದು ಸುತ್ತಿನಲ್ಲಿಯೂ ಎರಡು ಬಣ್ಣದ ದಾರಗಳು ಜೊತೆಯಾಗಿ ನಡೆಯುವುವು. ಒಂದು ಬಣ್ಣ ಮುಂದೆ ಕಾಣುತ್ತಿರುವಾಗ ಇನ್ನೊಂದು ಒಳಗಡೆ ಹಾದುಹೋಗುವುದು. ಇದರಿಂದ ಚಿತ್ತಾರವೂ ಆಯಿತು, ಬಟ್ಟೆಯೂ ಇಮ್ಮಡಿ ದಪ್ಪವಾಗಿ ಚಳಿಯನ್ನು ತಡೆಯಿತು. ದಾರವು ಸಣ್ಣದಾದಷ್ಟೂ ಚಿತ್ತಾರವು ಸೂಕ್ಷ್ಮವಾಗುವುದು. ಸುತ್ತಿಗೆ 80 ಕುಣಿಕೆ, ಉದ್ದಕ್ಕೆ 100 ಸುತ್ತು ಎಂದು ಹಿಡಿದರೂ ಒಂದು ಕೈಗೆ 8,000 ಕುಣಿಕೆ, ಜೋಡಿಗೆ 16,000 ಕುಣಿಕೆಗಳಾಗುವುವು. ಜೋಡಿಯೊಂದಕ್ಕೆ ಸುಮಾರು 100 ಗ್ರಾಂ ದಾರ ಬೇಕು. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತಿನ ಭಾರ ತಿಳಿಯುವುದು.

ಲಾಟ್ವಿಯಾದ ರೈತರ ಮನೆಗಳಲ್ಲಿ ಹೆಣ್ಣುಮಗುವಿನ ಕೈಗೆ ಎಳೆಯ ವಯಸ್ಸಿನಲ್ಲಿಯೇ ಹೆಣಿಗೆಯ ಕಡ್ಡಿಗಳು ಬರುತ್ತಿದ್ದುವು. ದನ ಕಾಯುವಾಗ, ದಾರಿ ನಡೆಯುವಾಗ, ಮಾತನಾಡುವಾಗ ಅವಳ ಕೈ ಹೆಣೆಯುತ್ತಲೇ ಇರಬೇಕು. ಹೆಣೆದುದೆಲ್ಲವೂ ‘ಪೂರ್ಸ್’ ಎಂದು ಹೆಸರಾದ ಅವಳ ಮದುವೆಯ ಪೆಟ್ಟಿಗೆಯನ್ನು ಸೇರುತ್ತಿತ್ತು. ಅನುಕೂಲವಂತರ ಮನೆಯ ಮಗಳಾದರೆ ಮದುವೆಯ ಹೊತ್ತಿಗೆ ಆ ಪೆಟ್ಟಿಗೆಯಲ್ಲಿ ನೂರು ಜೋಡಿಗೆ ಮಿಕ್ಕಿ ಕೈಗವಸುಗಳು ಇರಬೇಕಾಗಿತ್ತು. ನೂರು ಜೋಡಿಯೆಂದರೆ ಹತ್ತು ಕಿಲೋಗ್ರಾಂ ದಾರ, ಹದಿನಾರು ಲಕ್ಷ ಕುಣಿಕೆ!

ಇಷ್ಟೊಂದು ಏತಕ್ಕೆ? ಅವು ಅವಳ ಸ್ವಂತಕ್ಕಲ್ಲ. ಮದುವೆಯ ದಿನ ಸೊಸೆಯು ಅತ್ತೆಗೆ, ಮಾವನಿಗೆ, ಮೈದುನರಿಗೆ, ನಾದಿನಿಯರಿಗೆ, ಗಾಡಿ ಹೊಡೆದವನಿಗೆ, ಮದುವೆಯನ್ನು ನಡೆಸಿಕೊಟ್ಟ ಹಿರಿಯರಿಗೆ, ಹೀಗೆ ಒಬ್ಬೊಬ್ಬರಿಗೂ ತನ್ನ ಕೈಯ ಹೆಣಿಗೆಯನ್ನು ಉಡುಗೊರೆಯಾಗಿ ಕೊಡಬೇಕು. ಮನುಷ್ಯರಿಗಷ್ಟೇ ಅಲ್ಲ. ಹೊಸ ಮನೆಯ ಬಾಗಿಲು, ಒಲೆ, ಬಾವಿ, ಕೊಟ್ಟಿಗೆಗಳಲ್ಲಿಯೂ ಒಂದೊಂದು ಕಾಣಿಕೆಯನ್ನು ಇಡುವಳು. ನಮ್ಮಲ್ಲಿ ಹೊಸ ಸೊಸೆ ಹೊಸ್ತಿಲನ್ನು ಪೂಜಿಸಿ ಒಳಗೆ ಬರುವಂತೆ, ಅಲ್ಲಿಯವಳು ಕೈಗವಸನ್ನಿಟ್ಟು ಆ ಮನೆಯ ಜನಕ್ಕೂ ದನಕ್ಕೂ ನೀರಿಗೂ ಬೆಂಕಿಗೂ ತಾನು ಇನ್ನು ನೆಂಟಳೆಂದು ತಿಳಿಸುತ್ತಿದ್ದಳು.

ಅಷ್ಟು ಉಣ್ಣೆಯಿಲ್ಲದ ಬಡವರ ಮಗಳು ಏನು ಮಾಡಬೇಕು? ಇದಕ್ಕೂ ಆ ಜನ ಒಂದು ದಾರಿಯನ್ನು ಕಂಡಿದ್ದರು. ಮದುವೆ ನಿಶ್ಚಯವಾದ ಹುಡುಗಿ ಒಬ್ಬ ಹಿರಿಯ ಹೆಂಗಸನ್ನು ಜೊತೆಮಾಡಿಕೊಂಡು ಬಂಧುಗಳ ಮತ್ತು ನೆರೆಯವರ ಮನೆಮನೆಗೆ ಹೋಗಿ ಉಣ್ಣೆ, ನೂಲು, ಕೈಗವಸುಗಳನ್ನು ಕೂಡಿಸಿಕೊಂಡು ಬರುವಳು. ಇದಕ್ಕೆ ‘ತೋಳವಾಗಿ ಹೋಗುವುದು’ ಎಂದು ಹೆಸರು. ತೋಳಕ್ಕೆ ಅವರ ಶಬ್ದ ‘ವಿಲ್ಕ್ಸ್’. ನಮ್ಮ ಸಂಸ್ಕೃತದ ‘ವೃಕ’. ಕುರಿಯ ಉಣ್ಣೆಗಾಗಿ ತೋಳವು ಬಾಗಿಲಿಗೆ ಬಂದಿತೆಂಬ ಹಾಸ್ಯವೂ ಇದರಲ್ಲಿ ಕಾಣುವುದು. ಬೇಡುವ ಸಂಕೋಚವನ್ನು ನಗೆಯಿಂದ ಮರೆಸುವ ಜಾಣತನವೂ ಕಾಣುವುದು. ಒಬ್ಬಳ ಪೆಟ್ಟಿಗೆಯಲ್ಲಿ ಹೀಗೆ ಹತ್ತು ಮನೆಗಳ ನೂಲು ಸೇರುತ್ತಿತ್ತು.

ಆದರೂ ಈ ಪದ್ಧತಿ ಬರಿಯ ಸೊಗಸಲ್ಲ. ಮದುವೆಯಲ್ಲಿ ಹಸು ಮೊದಲಾದುವನ್ನು ಕೊಡುವ ವಾಡಿಕೆ ಅಲ್ಲಿಯೂ ಇದ್ದಿತಾದರೂ, ಪೆಟ್ಟಿಗೆಯ ಮುಚ್ಚಳವನ್ನು ತೆಗೆದಾಗ ನೆರೆದವರು ಅಳೆಯುತ್ತಿದ್ದುದು ತಂದೆಯ ಹಣದ ಚೀಲವನ್ನಲ್ಲ, ಮಗಳ ಕೈಯನ್ನು. ವರದಕ್ಷಿಣೆಯ ಪಿಡುಗನ್ನು ಕಂಡಿರುವ ನಮಗೆ ಇದು ಮೇಲೆಂದು ತೋರಬಹುದು. ಆದರೆ ಅಳತೆ ಅಳತೆಯೇ. ತಾಯಿಯಿಲ್ಲದ ಅನಾಥೆಗೂ, ಹಗಲೆಲ್ಲ ಪರರ ಹೊಲದಲ್ಲಿ ದುಡಿದು ಇರುಳು ಮಾತ್ರ ತನ್ನದಾಗಿದ್ದ ಕೂಲಿಯ ಹುಡುಗಿಗೂ ಆ ಪೆಟ್ಟಿಗೆ ಭಾರವಾಗಿಯೇ ಇತ್ತು. ಆ ನಾಡಿನ ಜನಪದ ಗೀತಗಳನ್ನು ಕ್ರಿಷ್ಯಾನಿಸ್ ಬಾರೊನ್ಸ್ ಎಂಬ ವಿದ್ವಾಂಸರು ಬಹುಕಾಲ ಶ್ರಮಿಸಿ ಸಂಗ್ರಹಿಸಿ, 1894ರಿಂದ 1915ರವರೆಗೆ ಸುಮಾರು 2,18,000 ಗೀತಗಳನ್ನು ಅಚ್ಚು ಹಾಕಿಸಿದರು. ಅವುಗಳಲ್ಲಿ ಕೈಗವಸಿನ ಹೆಮ್ಮೆಯೂ ಇದೆ, ಅನಾಥೆಯ ಕಣ್ಣೀರೂ ಇದೆ.

ಇನ್ನು ಚಿತ್ತಾರಗಳ ವಿಷಯ. ಸೂರ್ಯ, ಎಂಟು ಮೂಲೆಯ ಬೆಳ್ಳಿಚುಕ್ಕಿ, ಜೋಡಿ ತೆನೆ, ಹಾವಿನ ಸುರುಳಿ, ಸಣ್ಣ ಸಣ್ಣ ಶಿಲುಬೆಗಳು ಇವೇ ಮುಖ್ಯವಾದುವು. ನಮ್ಮ ಸ್ವಸ್ತಿಕವನ್ನೇ ಹೋಲುವ ಒಂದು ಗುರುತನ್ನು ಅವರು ಬೆಂಕಿಯ ಶಿಲುಬೆಯೆನ್ನುವರು. ಅದು ಇಪ್ಪತ್ತನೆಯ ಶತಮಾನದ ಜರ್ಮನಿಯ ದುಷ್ಕೃತ್ಯಗಳಿಗಿಂತ ಬಹು ಹಳೆಯದು. ಇವುಗಳಿಗೆ ಇಂದು ಹೇಳುವ ಗಹನವಾದ ಅರ್ಥಗಳಲ್ಲಿ ಹಲವು 1920–40ರ ನಡುವಣ ಲೇಖಕರು ಕಟ್ಟಿದುವು. ನಮ್ಮ ಹಳ್ಳಿಯ ಹೆಂಗಸರು ರಂಗೋಲಿಯನ್ನು ಕೈಯ ನೆನಪಿನಿಂದ ಎಳೆಯುವಂತೆ, ಅಲ್ಲಿಯ ಅಜ್ಜಿಯರೂ ತಮ್ಮ ತಾಯಿಯಿಂದ ಕಂಡುದನ್ನು ಕೈಯ ನೆನಪಿನಿಂದ ಹೆಣೆದರು. ಒಂದು ಸೀಮೆಯ ಹೆಣಿಗೆ ಇನ್ನೊಂದರದರಂತೆ ಇರುವುದಿಲ್ಲ. ಪಶ್ಚಿಮದ ಕುರ್ಜೆಮೆ ಸೀಮೆಯವರಿಗೆ ಬಣ್ಣ ಬಹಳ ಪ್ರಿಯ. ಅಲ್ಲಿಯ ರುತ್ಸವ ಮತ್ತು ಅಲ್‌ಸುಂಗಾ ಎಂಬ ಊರುಗಳ ಉಡಿಗೆ ತೊಡಿಗೆಗಳು ಕೆಂಪಿಗೆ ಹೆಸರಾದುವು. ಬಲ್ಲವರು ಕೈಗವಸನ್ನು ನೋಡಿ ಅದನ್ನು ಹೆಣೆದವಳ ಸೀಮೆಯನ್ನು ಹೇಳಬಲ್ಲರು.

ಈ ನಾಡು ಇಪ್ಪತ್ತನೆಯ ಶತಮಾನದಲ್ಲಿ ಬಹಳ ಕಷ್ಟವನ್ನು ಕಂಡಿತು. 1918ರಲ್ಲಿ ಸ್ವತಂತ್ರವಾದ ಲಾಟ್ವಿಯಾವನ್ನು 1940ರಲ್ಲಿ ಸೋವಿಯತ್ ಸೈನ್ಯವು ಆಕ್ರಮಿಸಿತು. 1941ನೆಯ ಜೂನ್ 14ರಂದು 15,000ಕ್ಕೂ, 1949ನೆಯ ಮಾರ್ಚಿ 25ರಿಂದ ಮೊದಲಾಗಿ 42,000ಕ್ಕೂ ಮಿಕ್ಕಿದ ಜನರನ್ನು ರೈಲಿನಲ್ಲಿ ತುಂಬಿ ಸೈಬೀರಿಯಾ ಮೊದಲಾದ ದೂರದ ಪ್ರದೇಶಗಳಿಗೆ ಸಾಗಿಸಿದರು. 1944–45ರಲ್ಲಿ ಲಕ್ಷಕ್ಕೂ ಮಿಕ್ಕಿದ ಜನರು ಪಶ್ಚಿಮದ ದೇಶಗಳಿಗೆ ಓಡಿಹೋದರು. ಇಂತಹ ಸಮಯದಲ್ಲಿ ಮನೆಯನ್ನು ಹೊತ್ತುಕೊಂಡು ಹೋಗುವುದು ಯಾರಿಂದಲೂ ಆಗದು. ಆದರೆ ಕೈಯಲ್ಲಿರುವ ವಿದ್ಯೆಯನ್ನು ಕಸಿದುಕೊಳ್ಳುವುದೂ ಯಾರಿಂದಲೂ ಆಗದು. ಪರದೇಶಕ್ಕೆ ಹೋದವರು ಅಲ್ಲಿ ಸಿಕ್ಕಿದ ದಾರದಿಂದಲೇ ತಮ್ಮೂರಿನ ಚಿತ್ತಾರವನ್ನು ಮಕ್ಕಳಿಗೆ ಕಲಿಸಿದರು. 1991ರಲ್ಲಿ ದೇಶವು ಮತ್ತೆ ಸ್ವತಂತ್ರವಾಯಿತು. 2006ನೆಯ ನವೆಂಬರು ತಿಂಗಳಲ್ಲಿ ರೀಗಾದಲ್ಲಿ ನೇಟೋ ಕೂಟದ ದೊಡ್ಡ ಸಮ್ಮೇಳನವು ನಡೆದಾಗ, ಬಂದ ಅತಿಥಿಗಳಿಗೆ ಕೊಡುವುದಕ್ಕಾಗಿ ಹೆಂಗಸರು ಸುಮಾರು 4,500 ಜೋಡಿ ಕೈಗವಸುಗಳನ್ನು ಹೆಣೆದುಕೊಟ್ಟರು. ಹಿಂದೆ ಸೊಸೆಯು ಅತ್ತೆಯ ಮನೆಯವರಿಗೆ ಕೊಡುತ್ತಿದ್ದ ಉಡುಗೊರೆಯನ್ನು ಈಗ ಒಂದು ದೇಶವೇ ತನ್ನ ಹೊಸ ನೆಂಟರಿಗೆ ಕೊಟ್ಟಿತು.

ರೀಗಾಕ್ಕೆ ಹೋಗುವವರು ಈ ವಿದ್ಯೆಯ ಹಳೆಯ ಮನೆಯನ್ನೂ ನೋಡಿ ಬರಬಹುದು. ನಗರದ ಅಂಚಿನಲ್ಲಿ ಯುಗ್ಲಾ ಎಂಬ ಸರೋವರದ ದಂಡೆಯ ಪೈನ್ ಮರಗಳ ನಡುವೆ, 1924ರಲ್ಲಿ ಸ್ಥಾಪಿತವಾದ ಬಯಲು ವಸ್ತುಸಂಗ್ರಹಾಲಯವಿದೆ. ನಾನಾ ಸೀಮೆಗಳಿಂದ ಹಳೆಯ ಮರದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಪ್ರತಿ ವರ್ಷ ಜೂನ್ ತಿಂಗಳ ಮೊದಲಲ್ಲಿ ಅಲ್ಲಿ ಕರಕುಶಲ ವಸ್ತುಗಳ ಜಾತ್ರೆ ನೆರೆಯುವುದು. ಬೇಸಗೆಯ ಬಿಸಿಲಲ್ಲಿಯೂ ಮುಂದಿನ ಚಳಿಗೆಂದು ಜನರು ಕೈಗವಸನ್ನೂ ನೂಲನ್ನೂ ಕೊಳ್ಳುವರು.

ಈಗ ಅಂಗಡಿಯ ಕೈಗವಸು ಅಗ್ಗವಾಗಿ ಸಿಕ್ಕುವುದು. ಸೊಸೆಯ ಪೆಟ್ಟಿಗೆಯನ್ನು ತೆರೆದು ಎಣಿಸುವವರೂ ಇಲ್ಲ. ಹಾಗಿದ್ದರೂ ಹೆಣಿಗೆ ನಿಂತಿಲ್ಲ. ಮೊಮ್ಮಗನ ಕೈ ಬೆಳೆದಂತೆ ವರ್ಷವರ್ಷವೂ ಕುಣಿಕೆಗಳನ್ನು ಹೆಚ್ಚಿಸಿಕೊಂಡು ಹೆಣೆಯುವ ಅಜ್ಜಿಯರು ಇದ್ದಾರೆ. ಹೆಣೆಯುವವರ ಮನೆಯಲ್ಲಿ ನೂಲಿನ ಬುಟ್ಟಿಯೊಂದು ಇದ್ದೇ ಇರುವುದು. ಅಣ್ಣನ ಕೈಗವಸಿನಲ್ಲಿ ಮಿಕ್ಕ ಹಸುರು, ಅಮ್ಮನ ಶಾಲಿನಲ್ಲಿ ಉಳಿದ ಕೆಂಪು, ಜಾತ್ರೆಯಲ್ಲಿ ಕಣ್ಣಿಗೆ ಬಿದ್ದು ಕೊಂಡ ನೀಲಿ, ಇವೆಲ್ಲ ಸಣ್ಣ ಉಂಡೆಗಳಾಗಿ ಅದರಲ್ಲಿ ಕಾದಿರುವುವು. ಒಂದು ಕೈಗವಸಿನ ಪಟ್ಟೆಗೆ ಬೇಕಾಗುವುದು ಅಂತಹ ಸಣ್ಣ ಉಂಡೆಯೇ. ನಮ್ಮ ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವುದನ್ನು ಬಲ್ಲವರಿಗೆ ಈ ಬುಟ್ಟಿಯ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಳೆಯಿಂದ ನಡೆದು ಬಂದ ಎಷ್ಟೋ ವಿದ್ಯೆಗಳು ಕಟ್ಟಳೆ ಸಡಿಲಿದೊಡನೆ ಮರೆಯಾಗುವುವು. ಲಾಟ್ವಿಯಾದ ಕೈಗವಸಿಗೆ ಹಾಗಾಗಲಿಲ್ಲ. ನೂರು ಜೋಡಿಯ ಹೊರೆ ಹೆಣ್ಣಿನ ತಲೆಯಿಂದ ಇಳಿಯಿತು. ಒಂದು ಜೋಡಿಯ ಪ್ರೀತಿ ಕೈಯಲ್ಲಿ ಉಳಿಯಿತು. ಇಂದು ಆ ನಾಡಿನಲ್ಲಿ ಹೆಣೆಯುವವಳು ಯಾರ ಅಳತೆಗೂ ಅಂಜಿ ಹೆಣೆಯಬೇಕಾಗಿಲ್ಲ. ಅವಳು ತೆಗೆದುಕೊಳ್ಳುವ ಅಳತೆ ಒಂದೇ, ತೊಡುವವರ ಕೈಯದು.