ಸಹಿಯ ಮೇಲಿನ ಸಾಲುಗಳು

ನಮ್ಮ ಶಾಲೆಯ ಸ್ಮರಣಸಂಚಿಕೆಯು ಸಿದ್ಧವಾಗುತ್ತಿದೆಯೆಂಬ ಸುದ್ದಿಯನ್ನು ಕೇಳಿದೊಡನೆ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ನಮಗೆ ಪತ್ರ ಬರೆದು, ತಾವು ವಾರ್ಷಿಕೋತ್ಸವದಲ್ಲಿ ಅಭಿನಯಿಸಿದ್ದ ಬಾವಿಕಟ್ಟೆಯ ನಾಟಕವನ್ನು ಇದರಲ್ಲಿ ಅಚ್ಚು ಹಾಕಿಸಬೇಕೆಂದು ಕೇಳಿಕೊಂಡಿದ್ದಾರೆ. ಅದನ್ನು ಬರೆದವರು ನಾವೇ ಆಗಿರುವದರಿಂದ ಅದು ಸುಲಭವಾದ ಕೆಲಸವೆಂದು ಅವರು ಎಣಿಸಿದ್ದು ಸಹಜವೇ. ಆದರೆ ಈ ಸಂಚಿಕೆಯ ಪುಟಗಳನ್ನು ಎಷ್ಟು ತಿರುವಿದರೂ ಆ ನಾಟಕವು ಸಿಕ್ಕಲಾರದು. ಅದರ ಕಾರಣವನ್ನು ಹೇಳುವದು ನಮ್ಮ ಕರ್ತವ್ಯವೆಂದು ತಿಳಿದು, ಸ್ವಲ್ಪ ನಾಚಿಕೆಯಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇವೆ. ಆ ನಾಟಕವು ಈಗ ನಮ್ಮದಲ್ಲ. 2008ರಲ್ಲಿ ನಾವು ಅದನ್ನು ಬೇರೆ ಐದು ನಾಟಕಗಳೊಡನೆ ಒಂದು ಅರ್ಧ ಹಾಳೆಯ ಕಾಗದಕ್ಕೆ ಸಹಿ ಮಾಡಿ ಕೊಟ್ಟುಬಿಟ್ಟೆವು.

ಆಗ ನಾವು ಈ ಶಾಲೆಯಲ್ಲಿಯೇ ಸಹಾಯಕ ಶಿಕ್ಷಕಿಯಾಗಿದ್ದೆವು. ಒಬ್ಬ ಪ್ರಕಾಶಕರು ನಮ್ಮ ಮಕ್ಕಳ ಆಟವನ್ನು ನೋಡಿ ಮೆಚ್ಚಿ, ನಾಟಕಗಳನ್ನು ಪುಸ್ತಕವಾಗಿ ತರುತ್ತೇವೆಂದು ಹೇಳಿದಾಗ ನಮಗಾದ ಸಂತೋಷವು ಇಷ್ಟಿಷ್ಟಲ್ಲ. ಮೂರು ಸಾವಿರ ರೂಪಾಯಿಗಳನ್ನೂ 20 ಪ್ರತಿಗಳನ್ನೂ ಕೊಡುವದಾಗಿ ಹೇಳಿದರು, ಹೇಳಿದಂತೆಯೇ ಕೊಟ್ಟರು. ಅವರು ಮುಂದಿಟ್ಟ ಕಾಗದದಲ್ಲಿ ನಾಲ್ಕೇ ಸಾಲುಗಳಿದ್ದವು. ಆ ನಾಲ್ಕು ಸಾಲುಗಳನ್ನು ಓದಲು ನಮಗೆ ತಿಳಿಯದೆ ಇರಲಿಲ್ಲ. ಆದರೆ ಅವರ ಎದುರಿಗೆ ಕುಳಿತು ಓದಿದರೆ ಅವರ ಮೇಲೆ ಸಂದೇಹಪಟ್ಟಂತಾದೀತೆಂಬ ಸಂಕೋಚದಿಂದ, ನಸುನಕ್ಕು, ಒಳ್ಳೆಯ ಅಕ್ಷರದಲ್ಲಿ ಸಹಿ ಹಾಕಿದೆವು. ಅದರ ಒಂದು ಪ್ರತಿಯನ್ನು ಕೇಳಿ ಇಟ್ಟುಕೊಳ್ಳುವ ಬುದ್ಧಿಯೂ ನಮಗಿರಲಿಲ್ಲ. ಆ ಪುಸ್ತಕವು ಆಮೇಲೆ ನಾಲ್ಕು ಸಲ ಅಚ್ಚಾಯಿತು. ಈ ವರುಷ ಒಂದು ನಾಟಕವನ್ನು ಸಂಚಿಕೆಗಾಗಿ ಕೊಡಬೇಕೆಂದು ನಾವು ಬರೆದಾಗ, ಅನುಕೂಲವಿಲ್ಲವೆಂಬ ಉತ್ತರವೂ, ಅದರೊಡನೆ ನಮ್ಮ ಆ ಹಳೆಯ ಕಾಗದದ ನಕಲೂ ಬಂದವು. ಅದರಲ್ಲಿ ಆರು ನಾಟಕಗಳ ಸಮಸ್ತ ಹಕ್ಕುಗಳನ್ನು ಸರ್ವ ದೇಶಗಳಿಗೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆಂದು ಬರೆದಿತ್ತು. ಕೆಳಗೆ ನಮ್ಮ ಅಂದವಾದ ಸಹಿಯಿತ್ತು. ಪ್ರಕಾಶಕರು ನಮಗೆ ಮೋಸ ಮಾಡಿದರೆಂದು ಹೇಳಲಾರೆವು. ಅವರು ಬರೆದದ್ದನ್ನು ನಾವು ಓದಲಿಲ್ಲ, ಅಷ್ಟೇ.

ಈ ಉತ್ತರವು ಬಂದ ಕೆಲವು ವಾರಗಳಲ್ಲಿಯೇ, ಮಳೆ ಜೋರಾಗಿ ಸುರಿಯುತ್ತಿದ್ದ ಒಂದು ಶನಿವಾರ ಸಾಯಂಕಾಲ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯೊಡನೆ ನಮ್ಮ ಮನೆಗೆ ಬಂದಳು. ಅವಳು ಈಗ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆಯಾಗಿದ್ದಾಳೆ. ರಾತ್ರಿಯ ಹೊತ್ತು ಬರೆದ ಹದಿನಾಲ್ಕು ಕಥೆಗಳನ್ನು ಒಬ್ಬ ಪ್ರಕಾಶಕರು ಒಪ್ಪಿಕೊಂಡಿದ್ದರು. ಸೋಮವಾರ ಕರಾರುಪತ್ರಕ್ಕೆ ಸಹಿ ಹಾಕತಕ್ಕದ್ದು. ಅದಕ್ಕೆ ಮುಂಚೆ ನಮ್ಮ ಆಶೀರ್ವಾದವನ್ನು ಪಡೆಯಲು ಬಂದಿದ್ದಳು. ಆಶೀರ್ವಾದವನ್ನು ಕೊಟ್ಟು, "ಪತ್ರವನ್ನು ತಂದಿದ್ದೀಯೇನಮ್ಮಾ?" ಎಂದು ಕೇಳಿದೆವು. ಅವಳು ಚೀಲದಿಂದ ಅದನ್ನು ತೆಗೆದಳು. ಮಡಿಕೆಯೂ ಮುರಿಯದ ಹಾಗಿತ್ತು. "ಓದಿದೆಯಾ?" ಎಂದದ್ದಕ್ಕೆ ತಲೆ ತಗ್ಗಿಸಿದಳು.

ತಾಯಿಯು ಅವಳ ಪರವಾಗಿ ಉತ್ತರ ಕೊಟ್ಟರು: "ಅಷ್ಟು ದೊಡ್ಡವರು ಪುಸ್ತಕ ಹಾಕುತ್ತೇವೆ ಅಂತ ಹೇಳಿದ್ದೇ ಉಪಕಾರ ಟೀಚರೇ. ಇನ್ನು ಅದು ಇದು ಕೇಳಿದರೆ ಅವರಿಗೆ ಬೇಸರ ಆಗಲಿಕ್ಕಿಲ್ಲವಾ?"

ಈ ಮಾತನ್ನು ಕೇಳಿ ನಾವು ಒಳಗಿಂದ ನಮ್ಮ ಅರ್ಧ ಹಾಳೆಯ ನಕಲನ್ನು ತಂದು ಮೇಜಿನ ಮೇಲಿಟ್ಟೆವು. ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಮೂವರೂ ಕೂಡಿ ಅವಳ ಪತ್ರವನ್ನು ದೀಪದ ಬೆಳಕಿನಲ್ಲಿ ಸಾಲುಸಾಲಾಗಿ ನೋಡಿದೆವು. ಅಂದು ನೋಡಿದ್ದನ್ನೂ, ಆ ಮೇಲೆ ಬಲ್ಲವರಿಂದ ಕೇಳಿ ತಿಳಿದದ್ದನ್ನೂ ಬರೆಯಲು ಹೊರಟಿರುವ ನಮ್ಮ ಇತರ ಮಕ್ಕಳ ಪ್ರಯೋಜನಕ್ಕಾಗಿ ಇಲ್ಲಿ ಹೇಳುತ್ತೇವೆ.

ಮೊದಲನೆಯದಾಗಿ ತಿಳಿಯತಕ್ಕದ್ದೇನಂದರೆ, ಬರೆದವಳೇ ಬರಹದ ಮೊದಲ ಒಡತಿ. ಕೃತಿಸ್ವಾಮ್ಯವೆಂಬ ಈ ಹಕ್ಕು ಕೃತಿಯನ್ನು ಬರೆದ ಕೂಡಲೆ ಹುಟ್ಟುತ್ತದೆ. ಅದನ್ನು ಎಲ್ಲಿಯೂ ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲ. ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅದು ಲೇಖಕಿಯ ಜೀವಮಾನವಿಡೀ ಇದ್ದು, ಅವಳ ಮರಣದ ಮುಂದಿನ ವರುಷದ ಆರಂಭದಿಂದ ಇನ್ನೂ 60 ವರುಷಗಳ ತನಕ ಅವಳ ವಾರಸುದಾರರಿಗೆ ಸೇರುತ್ತದೆ. ಆದಕಾರಣ "ಶಾಶ್ವತವಾಗಿ" ಎಂಬ ಒಂದೇ ಶಬ್ದಕ್ಕೆ ಸಹಿ ಹಾಕುವವಳು ತನ್ನದನ್ನು ಮಾತ್ರವಲ್ಲ, ತನ್ನ ಮೊಮ್ಮಕ್ಕಳದನ್ನೂ ಬಿಟ್ಟುಕೊಡುತ್ತಾಳೆ.

ಎರಡನೆಯದಾಗಿ, ಈ ಹಕ್ಕನ್ನು ಬಾಯಿಮಾತಿನಿಂದ ವರ್ಗಾಯಿಸಲಾಗದು. ಬರವಣಿಗೆಯೂ ಕೊಡುವವರ ಸಹಿಯೂ ಇರಬೇಕು; ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಂಬದನ್ನು ಅದರಲ್ಲಿ ಹೇಳಿರಬೇಕು. ಕಾಲವನ್ನು ಹೇಳದಿದ್ದರೆ ಐದು ವರುಷಗಳೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತ ದೇಶವೆಂದೂ ಕಾನೂನು ಎಣಿಸುತ್ತದೆ. ಹಕ್ಕನ್ನು ಪಡೆದವರು ಒಂದು ವರುಷದೊಳಗೆ ಅದನ್ನು ಉಪಯೋಗಿಸದಿದ್ದರೆ, ಪತ್ರದಲ್ಲಿ ಬೇರೆ ವಿಧವಾಗಿ ಬರೆದಿಲ್ಲದ ಪಕ್ಷದಲ್ಲಿ, ಅದು ತಾನೇ ಬಿದ್ದುಹೋಗುತ್ತದೆ. ಕಾನೂನು ಹೀಗೆ ಲೇಖಕಿಯ ಕಡೆಗೆ ಸ್ವಲ್ಪ ಕನಿಕರವನ್ನು ತೋರಿಸಿದೆ. ಆದರೆ ಈ ಕನಿಕರವು ಪತ್ರವು ಮೌನವಾಗಿರುವಲ್ಲಿ ಮಾತ್ರ ನಡೆಯುವದೆಂಬದನ್ನು ಮರೆಯಬಾರದು. ಕಾಲವೂ ದೇಶವೂ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಆ ಬರಹವೇ ನಿಲ್ಲುವದು. ನಮ್ಮ ಅರ್ಧ ಹಾಳೆಯಲ್ಲಿ ಎರಡೂ ಬರೆದಿದ್ದವು.

ಮೂರನೆಯದು ಹಣದ ವಿಷಯ. ಹಕ್ಕನ್ನು ಒಟ್ಟಿಗೆ ಮಾರಿಬಿಡುವದು ಒಂದು ಕ್ರಮ. ಮಾರಾಟವಾದ ಪ್ರತಿಯೊಂದಕ್ಕೆ ಇಷ್ಟೆಂದು ರಾಯಲ್ಟಿಯನ್ನು ಪಡೆಯುವದು ಮತ್ತೊಂದು ಕ್ರಮ. ನಮ್ಮ ಪುಸ್ತಕಶಾಲೆಯ ಕಪಾಟಿನಲ್ಲಿ ತಲೆಮಾರುಗಳ ಹುಡುಗಿಯರು ಓದಿ ಸವೆಯಿಸಿದ ಎರಡು ಇಂಗ್ಲಿಷ್ ಕಾದಂಬರಿಗಳಿವೆ. ಅವುಗಳಲ್ಲಿ ಒಂದಾದ 'ಪ್ರೈಡ್ ಅಂಡ್ ಪ್ರೆಜುಡಿಸ್' ಎಂಬದನ್ನು ಜೇನ್ ಆಸ್ಟಿನ್ 1812ರಲ್ಲಿ 110 ಪೌಂಡುಗಳಿಗೆ ಪೂರ್ತಿಯಾಗಿ ಮಾರಿಬಿಟ್ಟಳು. 1813ರಲ್ಲಿ ಪುಸ್ತಕವು ಹೊರಬಂದು ಅದೇ ವರುಷ ಎರಡನೆಯ ಸಲ ಅಚ್ಚಾಯಿತು; ಅದರ ಲಾಭವೆಲ್ಲಾ ಪ್ರಕಾಶಕನಿಗೆ. ಇನ್ನೊಂದು 'ಲಿಟ್ಲ್ ವಿಮೆನ್'. 1868ರಲ್ಲಿ ಅದನ್ನು ಬರೆದ ಅಮೆರಿಕದ ಲೂಯಿಸಾ ಮೇ ಆಲ್ಕಾಟ್ ಒಟ್ಟು ಹಣವನ್ನು ಬಿಟ್ಟು, ಹಕ್ಕನ್ನು ತನ್ನಲ್ಲಿಟ್ಟುಕೊಂಡು ರಾಯಲ್ಟಿಯನ್ನು ಆರಿಸಿದಳು. ಹಾಗೆ ಮಾಡೆಂದು ಅವಳಿಗೆ ಬುದ್ಧಿ ಹೇಳಿದವನು ಪ್ರಕಾಶಕರ ಕಡೆಯವನೇ. ಆ ಪುಸ್ತಕದಿಂದ ಅವಳ ಮನೆಯ ಸಾಲವೂ ಬಡತನವೂ ಕಳೆದವು. ಪ್ರಕಾಶಕರಲ್ಲಿ ಇಂಥವರೂ ಇರುತ್ತಾರೆಂಬದನ್ನು ನ್ಯಾಯಕ್ಕಾಗಿ ಹೇಳಬೇಕು. ನಮ್ಮ ನಾಡಿನಲ್ಲಿ ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ 'ಸತೀ ಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿ, ಲೇಖಕಿಯೂ ಪ್ರಕಾಶಕಿಯೂ ಆದರು. ಅಂಥ ಧೈರ್ಯವು ಎಲ್ಲರಿಗೂ ಬರಲಾರದಾದರೂ, ಲೆಕ್ಕವನ್ನು ತಿಳಿಯುವಷ್ಟು ಧೈರ್ಯವಾದರೂ ನಮಗೆ ಬೇಕು.

ಲೆಕ್ಕವೆಂದರೆ ಹೀಗೆ. ನಮ್ಮ ವಿದ್ಯಾರ್ಥಿನಿಯ ಪತ್ರದಲ್ಲಿ ನೂರಕ್ಕೆ ಹತ್ತು ರಾಯಲ್ಟಿಯೆಂದು ಬರೆದಿತ್ತು. ಪುಸ್ತಕದ ಬೆಲೆ 150 ರೂಪಾಯಿ, ಪ್ರತಿಗಳು 1000. ಅವಳು ಮನಸ್ಸಿನಲ್ಲಿಯೇ 15,000 ರೂಪಾಯಿಗಳೆಂದು ಲೆಕ್ಕ ಹಾಕಿದ್ದಳು. ಆದರೆ ಪತ್ರವು ಮುಖಬೆಲೆಯ ಮೇಲೆ ಎನ್ನದೆ, ಪ್ರಕಾಶಕರ ಕೈಗೆ ಬಂದ ಹಣದ ಮೇಲೆ ಎಂದಿತ್ತು. ಅಂಗಡಿಯವರಿಗೆ ನೂರಕ್ಕೆ 40 ಬಿಟ್ಟರೆ ಕೈಗೆ ಬರುವದು 90 ರೂಪಾಯಿ; ಪ್ರತಿಯೊಂದಕ್ಕೆ ಅವಳ ಪಾಲು 15 ಅಲ್ಲ, 9. ಮುಂದಿನ ಪುಟದಲ್ಲಿ ಲೇಖಕಿಯು 200 ಪ್ರತಿಗಳನ್ನು ನೂರಕ್ಕೆ 25 ರಿಯಾಯಿತಿಯಲ್ಲಿ ಕೊಳ್ಳತಕ್ಕದ್ದು, ಅವಕ್ಕೆ ರಾಯಲ್ಟಿ ಇಲ್ಲವೆಂದಿತ್ತು. ಅಂದರೆ ಅವಳು ಮೊದಲು 22,500 ರೂಪಾಯಿಗಳನ್ನು ಕೊಡಬೇಕು. ಉಳಿದ 800 ಪ್ರತಿಗಳೂ ಮಾರಿಹೋದ ಮೇಲೆ 7,200 ರೂಪಾಯಿ ಬರುವದು. ಮುದ್ರಣಕ್ಕೆ ಬಂಡವಾಳ ಹಾಕುವ ಪ್ರಕಾಶಕರ ಕಷ್ಟವೂ ನಮಗೆ ಗೊತ್ತು. ಕೊಡಬಾರದೆಂದು ನಾವು ಹೇಳಲಿಲ್ಲ. ಕೊಡುತ್ತಿದ್ದೇನೆಂಬದನ್ನು ತಿಳಿದು ಕೊಡು ಎಂದೆವು. ಗ್ರಂಥಾಲಯಗಳಿಗೆ ಹೋಗುವ ಪ್ರತಿಗಳಿಗೂ ಪಾಲು ಉಂಟೋ, ವರುಷದ ಯಾವ ತಿಂಗಳಲ್ಲಿ ಲೆಕ್ಕವನ್ನು ಒಪ್ಪಿಸುವರು ಎಂಬದನ್ನೂ ಬರೆಯಿಸಿಕೊಳ್ಳಬೇಕು.

ನಾಲ್ಕನೆಯದಾಗಿ, ಪುಸ್ತಕದ ಹಕ್ಕು ಒಂದೇ ಹಕ್ಕಲ್ಲ. ಅನುವಾದ, ನಾಟಕ, ಚಲನಚಿತ್ರ, ಧ್ವನಿಪುಸ್ತಕ, ಮೊಬೈಲಿನಲ್ಲಿ ಓದುವ ಇ-ಪುಸ್ತಕ ಎಂಬಿವೆಲ್ಲಾ ಬೇರೆ ಬೇರೆ. ಅಚ್ಚು ಹಾಕಲು ಒಪ್ಪಿಗೆ ಕೊಟ್ಟವಳು ಇವೆಲ್ಲವನ್ನೂ ಕೊಡಲೇಬೇಕೆಂದಿಲ್ಲ. ಇನ್ನೂ ಬಳಕೆಗೆ ಬಾರದಿರುವ ಹೊಸ ಮಾಧ್ಯಮಗಳನ್ನು ಪತ್ರದಲ್ಲಿ ನಿರ್ದಿಷ್ಟವಾಗಿ ಹೆಸರಿಸದಿದ್ದರೆ ಅವುಗಳ ಹಕ್ಕು ವರ್ಗವಾಗದೆಂದು 2012ರ ತಿದ್ದುಪಡಿಯು ಹೇಳಿದೆ. ಪುಸ್ತಕವು ಮುಗಿದುಹೋಗಿ ಪ್ರಕಾಶಕರು ಮರುಮುದ್ರಣ ಮಾಡದಿದ್ದರೆ ಎಷ್ಟು ತಿಂಗಳಲ್ಲಿ ಹಕ್ಕು ತಿರುಗಿ ಬರುವದೆಂಬ ಸಾಲೂ ಇರಬೇಕು. ಮುಂದೆ ಬರೆಯುವ ಪುಸ್ತಕಗಳೆಲ್ಲವನ್ನೂ ಇವರಿಗೇ ಕೊಡತಕ್ಕದ್ದೆಂಬ ಸಾಲು ಇದ್ದರೆ ಎರಡು ಸಲ ಆಲೋಚಿಸಬೇಕು. ಯಾರಾದರೂ ಮಾನನಷ್ಟದ ದಾವೆ ಹೂಡಿದರೆ ವೆಚ್ಚವೆಲ್ಲಾ ಲೇಖಕಿಯದೆಂಬ ಸಾಲನ್ನಂತೂ ಬಲ್ಲವರಿಗೆ ತೋರಿಸದೆ ಒಪ್ಪಬಾರದು.

ಒಂದು ಸಮಾಧಾನವೂ ಉಂಟು. ಹಕ್ಕನ್ನೆಲ್ಲಾ ಮಾರಿದ ಮೇಲೆಯೂ ಕೃತಿಯು ತನ್ನದೆಂದು ಹೇಳಿಕೊಳ್ಳುವ ಅಧಿಕಾರವೂ, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ತಿರುಚಿದರೆ ತಡೆಯುವ ಅಧಿಕಾರವೂ ಲೇಖಕಿಯಲ್ಲಿ ಉಳಿಯುತ್ತವೆ. ಆದಕಾರಣ ಬಾವಿಕಟ್ಟೆಯ ನಾಟಕವನ್ನು ನಾವೇ ಬರೆದೆವೆಂದು ಹೇಳಲು ನಮಗೆ ಯಾರ ಅಪ್ಪಣೆಯೂ ಬೇಡ. ಅದನ್ನು ಅಚ್ಚು ಹಾಕಿಸಲು ಮಾತ್ರ ಬೇಕು.

ಇಷ್ಟನ್ನೆಲ್ಲಾ ಕೇಳಿದ ಮೇಲೂ ನಮ್ಮ ವಿದ್ಯಾರ್ಥಿನಿಯ ಮುಖದಲ್ಲಿ ಅಂಜಿಕೆ ಹೋಗಲಿಲ್ಲ. ಕೇಳಿದರೆ ಪುಸ್ತಕವೇ ತಪ್ಪಿಹೋದೀತೆಂಬ ಭಯವು ಸಣ್ಣ ಭಯವಲ್ಲ. ನಾವು ಅದನ್ನು ಬಲ್ಲೆವು. ಆಗ ಅವಳ ತಾಯಿಯನ್ನು, "ನೀವು ಬೀಡಿಯನ್ನು ಬ್ರಾಂಚಿಗೆ ಒಪ್ಪಿಸುವಾಗ ಪಾಸುಪುಸ್ತಕದಲ್ಲಿ ಬರೆದದ್ದನ್ನು ನೋಡದೆ ಬರುತ್ತಿದ್ದಿರೇ?" ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಓದಲಿಕ್ಕೆ ಬರುತ್ತಿರಲಿಲ್ಲ ಟೀಚರೇ. ಇವಳೇ ಶಾಲೆಯಿಂದ ಬಂದು ಓದಿ ಹೇಳುತ್ತಿದ್ದಳು. ಒಂದು ಸಲ ನೂರು ಬೀಡಿ ಕಡಿಮೆ ಬರೆದದ್ದನ್ನು ಇವಳೇ ಹಿಡಿದದ್ದು. ಮರುದಿನ ಹೋಗಿ ಕೇಳಿದೆ, ಸರಿ ಮಾಡಿ ಕೊಟ್ಟರು," ಎಂದರು. ಹಾಗೆಂದು ಮಗಳ ಕಡೆಗೆ ನೋಡಿ, "ನನ್ನದನ್ನು ಓದಿದವಳು ನಿನ್ನದನ್ನು ಯಾಕೆ ಓದಲಿಲ್ಲ?" ಎಂದರು.

ಸೋಮವಾರ ಅವಳು ಸಹಿ ಹಾಕಲಿಲ್ಲ. ವಿನಯದಿಂದ ಒಂದು ಪತ್ರ ಬರೆದು ಐದು ತಿದ್ದುಪಡಿಗಳನ್ನು ಕೇಳಿದಳು. ಹನ್ನೊಂದು ದಿನ ಉತ್ತರವಿರಲಿಲ್ಲ. ಆ ದಿನಗಳಲ್ಲಿ ನಮಗೂ ನಿದ್ರೆ ಸರಿಯಾಗಿ ಬರಲಿಲ್ಲ. ಹನ್ನೆರಡನೆಯ ದಿನ ಪ್ರಕಾಶಕರು ಕರೆದು ಮಾತಾಡಿದರು. "ಶಾಶ್ವತ" ಎಂಬದು ಏಳು ವರುಷವಾಯಿತು. 200 ಪ್ರತಿಗಳು 50 ಆದವು. ಚಲನಚಿತ್ರ ಮತ್ತು ಅನುವಾದದ ಹಕ್ಕು ಅವಳಲ್ಲಿಯೇ ಉಳಿಯಿತು. ರಾಯಲ್ಟಿಯು ಮುಖಬೆಲೆಯ ಮೇಲೆ ಬರಬೇಕೆಂಬದನ್ನೂ, ವರುಷಕ್ಕೆ ಎರಡು ಸಲ ಲೆಕ್ಕ ಕೊಡಬೇಕೆಂಬದನ್ನೂ ಅವರು ಒಪ್ಪಲಿಲ್ಲ. ಅವಳು ಅದನ್ನು ತಿಳಿದೇ ಸಹಿ ಹಾಕಿದಳು. ಒಂದು ಪ್ರತಿಯನ್ನು ಮನೆಗೆ ತಂದಳು. ಯಾರೂ ಕೋಪಿಸಿಕೊಳ್ಳಲಿಲ್ಲ.

ಒಡಂಬಡಿಕೆಯೆಂದರೆ ಇಬ್ಬರು ಒಡಂಬಡುವದು. ಒಬ್ಬರು ಬರೆದು ಮತ್ತೊಬ್ಬರು ಕಣ್ಣು ಮುಚ್ಚಿ ಸಹಿ ಹಾಕಿದರೆ ಅದಕ್ಕೆ ಆ ಹೆಸರು ಸಲ್ಲದು. ನಮ್ಮ ಶಾಲೆಯು ಹೆಣ್ಣುಮಕ್ಕಳಿಗೆ ದುಂಡಾದ ಅಕ್ಷರವನ್ನೂ ವಿಧೇಯತೆಯನ್ನೂ ಕೃತಜ್ಞತೆಯನ್ನೂ ಕಲಿಸಿದೆ, ಅವು ಒಳ್ಳೆಯವೇ. ಆದರೆ ಸಹಿಯ ಮೇಲಿರುವ ಸಾಲುಗಳನ್ನು ಓದಿ ಪ್ರಶ್ನೆ ಕೇಳುವದು ಅವಿನಯವಲ್ಲವೆಂಬದನ್ನು ನಾವು ಸಾಕಷ್ಟು ಕಲಿಸಲಿಲ್ಲ. ಕಲಿಸಬೇಕಾಗಿದ್ದ ನಾವೇ ಅದನ್ನು ಕಲಿತಿರಲಿಲ್ಲ. ಈ ವರುಷದಿಂದ ಹತ್ತನೆಯ ತರಗತಿಯ ಹುಡುಗಿಯರಿಗೆ ತಿಂಗಳಿಗೊಂದು ತಾಸು ಬಾಡಿಗೆಯ ಕರಾರು, ಸಾಲದ ಅರ್ಜಿ, ಕೆಲಸದ ನೇಮಕದ ಪತ್ರ ಮೊದಲಾದವನ್ನು ಓದಿಸಿ ಅರ್ಥ ಹೇಳಿಸುತ್ತಿದ್ದೇವೆ. ಪೋಷಕರೂ ಮನೆಗೆ ಬಂದ ಕಾಗದಗಳನ್ನು ಮಕ್ಕಳ ಕೈಯಲ್ಲಿ ಓದಿಸಬೇಕೆಂದು ಬೇಡುತ್ತೇವೆ.

ಕಡೆಯದಾಗಿ ಒಂದು ಮಾತು. ಈ ಸಂಚಿಕೆಯಲ್ಲಿ ಎಂಟು ಮಂದಿ ವಿದ್ಯಾರ್ಥಿನಿಯರ ಕಥೆ ಕವಿತೆಗಳು ಅಚ್ಚಾಗಿವೆ. ಅವುಗಳ ಹಕ್ಕು ಬರೆದವರದೇ ಎಂದು ಮೊದಲ ಪುಟದ ಹಿಂಬದಿಯಲ್ಲಿ ಹಾಕಿಸಿದ್ದೇವೆ. ದಯಮಾಡಿ ಆ ಸಾಲನ್ನೂ ಓದಿರಿ.