ಬಾಜಿ

ಚುನಾವಣೆ ಬಂತೆಂದರೆ ನಮ್ಮೂರ ಚಾದಂಗಡಿಯ ಬೆಂಚಿನಲ್ಲಿ ಬಾಜಿ ಕಟ್ಟುವವರಿಗೆ ಬರವಿಲ್ಲ. 2016ರಲ್ಲಿ ನಾನೂ ಕಟ್ಟಿದೆ. ಮಂಜೇಶ್ವರ ಕ್ಷೇತ್ರದ ಮೇಲೆ ಎರಡು ಸಾವಿರ ರೂಪಾಯಿ. ಎದುರಿಗೆ ಕುಳಿತವರು ನನ್ನದೇ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮಲಯಾಳ ಕಲಿಸಿದ ಮಾಷ್. ಮೇ 19ರಂದು ಎಣಿಕೆ ಮುಗಿದಾಗ ಅಂತರ ಬರೇ 89 ಮತ, ಸೋತವನು ನಾನು. ಹಣ ಕೊಡುವಾಗ ಆಡಬಾರದ ಮಾತೊಂದು ಬಾಯಿಂದ ಬಂತು. ಅದನ್ನಿಲ್ಲಿ ಬರೆಯಲಾರೆ. ಮಾಷ್ ನೋಟುಗಳನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದುಹೋದರು. ಅಂಗಡಿಯಾತ ಅವನ್ನು ಲಕೋಟೆಗೆ ಹಾಕಿ ನನ್ನ ಮನೆಗೆ ಕಳುಹಿಸಿದ.

ಅಮೆರಿಕದ ಅಯೋವಾದಲ್ಲಿ ಓದಿದ ತಂಗಿಯ ಮಗ ಆಗ ಊರಿಗೆ ಬಂದಿದ್ದ. ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು 1988ರಿಂದ ಚುನಾವಣೆಯದೇ ಒಂದು ಪೇಟೆ ನಡೆಸುತ್ತಿದ್ದಾರಂತೆ. ಅಭ್ಯರ್ಥಿ ಗೆದ್ದರೆ ಚೀಟಿಗೆ ಒಂದು ಡಾಲರ್, ಸೋತರೆ ಸೊನ್ನೆ. ಚೀಟಿ ಇಂದು 60 ಸೆಂಟಿಗೆ ಮಾರಾಟವಾದರೆ ನೂರಕ್ಕೆ ಅರುವತ್ತು ಪಾಲು ಗೆಲ್ಲಬಹುದೆಂದು ಪೇಟೆಯ ಅಂದಾಜು. ಸುದ್ದಿ ಬದಲಾದಂತೆ ಅಡಿಕೆ ಧಾರಣೆಯ ಹಾಗೆ ಏರಿಳಿಯುತ್ತದೆ. ಭಯವಾದರೆ ನಡುವೆಯೇ ಮಾರಿ ಹೊರಬರಬಹುದು. "ಮಾವ, ನೀವಿಬ್ಬರೂ ಐವತ್ತು ಪೈಸೆಯ ಚೀಟಿಯನ್ನು ಪೂರಾ ರೂಪಾಯಿಯೆಂದು ನಂಬಿದಿರಿ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಇದು ಜೂಜಲ್ಲವೇ ಎಂದೆ. ಜೋಳ, ಗೋಧಿಗಳ ಮುಂಗಡ ವ್ಯಾಪಾರವನ್ನು ನೋಡಿಕೊಳ್ಳುವ ಅಲ್ಲಿನ ಆಯೋಗವು, ಅಧ್ಯಯನಕ್ಕಾಗಿ ನಡೆಯುವ ಸಣ್ಣ ಹಣದ ಪೇಟೆ ಎಂಬ ಕಾರಣಕ್ಕೆ, 1992ರಲ್ಲಿ ಕ್ರಮ ಕೈಗೊಳ್ಳುವುದಿಲ್ಲವೆಂದು ಬರೆದುಕೊಟ್ಟಿತಂತೆ. ಒಬ್ಬನು 500 ಡಾಲರಿಗಿಂತ ಹೆಚ್ಚು ಹಾಕುವಂತಿಲ್ಲ. ಈ ಮಿತಿ ನನಗೆ ಹಿಡಿಸಿತು. ಆ ಪೇಟೆಯಲ್ಲಿ ಎದುರಿನವನ ಮುಖ ಕಾಣಿಸುವುದಿಲ್ಲ. ಕೈ ಹಿಡಿದೆಳೆಯಲು ಏನಾದರೊಂದು ಬೇಕಲ್ಲ! ನನ್ನೆದುರಿಗಂತೂ ಮುಖವಿತ್ತು. ಆದರೂ ನಾಲಗೆ ನಿಲ್ಲಲಿಲ್ಲ.

ಲಕೋಟೆಯಲ್ಲಿದ್ದುದು ಐನೂರರ ನಾಲ್ಕು ನೋಟು. ಆ ನವೆಂಬರಿನಲ್ಲಿ ಅವು ರದ್ದಾದವು. ಬ್ಯಾಂಕಿಗೆ ಒಯ್ಯಲು ಮನಸ್ಸಾಗಲಿಲ್ಲ.

2021ರ ಮೇ 2ರಂದು ಮಂಜೇಶ್ವರದ ಅಂತರ 745 ಎಂದು ಟಿ.ವಿ. ಹೇಳಿತು. ಐದು ವರ್ಷಗಳ ಬಳಿಕ ಮಾಷ್‌ಗೆ ಫೋನ್ ಮಾಡಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮೌನ. ಆಮೇಲೆ, "ಈ ಸಲ ಎಷ್ಟು ಕಟ್ಟಿದ್ದಿರಿ, ಮಾಷೇ?"

ಈಗ ಮತ್ತೆ ಅದೇ ಬೆಂಚಿನಲ್ಲಿ ಕೂರುತ್ತೇವೆ. ಅಳಿಯ ಹೇಳಿದ ಹೊಸ ಸಂಗತಿಗಳನ್ನೆಲ್ಲ ಅವರಿಗೆ ಒಪ್ಪಿಸಿದ್ದೇನೆ. ಕಾಲ್ಶಿ ಎಂಬ ಕಂಪನಿಯು ಅಮೆರಿಕದ ಸಂಸತ್ತು ಯಾವ ಪಕ್ಷದ ಕೈಗೆ ಎಂಬುದರ ಮೇಲೆ ಚೀಟಿ ಮಾರಲು ಹೊರಟಾಗ, ಇದು ಜೂಜು, ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ಆಯೋಗ 2023ರಲ್ಲಿ ತಡೆಯಿತು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಕಂಪನಿಯ ಪರ ತೀರ್ಪಿತ್ತಿತು. ಅಕ್ಟೋಬರಿನಲ್ಲಿ ಮೇಲಿನ ನ್ಯಾಯಾಲಯವೂ ತಡೆಯಾಜ್ಞೆ ಕೊಡಲಿಲ್ಲ. ಅಧ್ಯಕ್ಷ ಚುನಾವಣೆಗೆ ಒಂದು ತಿಂಗಳಿರುವಾಗ ವ್ಯಾಪಾರ ಶುರು. 2025ರ ಮೇಯಲ್ಲಿ ಆಯೋಗವೇ ಮೇಲ್ಮನವಿಯನ್ನು ಕೈಬಿಟ್ಟಿತು. ನಮ್ಮ ದೇಶದಲ್ಲಾದರೆ ಅದೇ ಆಗಸ್ಟಿನಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯಿದೆ ಬಂತು.

ಹಣವಂತನೊಬ್ಬ ಚೀಟಿ ಬಾಚಿಕೊಂಡು ದರ ಏರಿಸಿ, ಜನಾಭಿಪ್ರಾಯವೇ ಹೀಗಿದೆಯೆಂದು ತೋರಿಸಿದರೆ ಎಂಬ ಅಂಜಿಕೆ ನನ್ನದು. ಮಾಷ್ ಒಪ್ಪುವುದಿಲ್ಲ. ದರ ಸುಳ್ಳಾದರೆ ಬಲ್ಲವರು ಎದುರು ನಿಂತು ಮಾರಿ ಅದನ್ನು ಇಳಿಸುತ್ತಾರೆಂದು ಅವರ ವಾದ. ಯಾರ ಮಾತು ಸರಿಯೆಂದು ಬಾಜಿ ಕಟ್ಟೋಣವೇ ಎಂದರು. ಒಂದು ಚಾಕ್ಕೆ ಒಪ್ಪಿದೆ.