ಟ್ರ್ಯಾಕ್ಟರಿನಲ್ಲಿ ಉಳಿದ ಪದ

ಅಪ್ಪ ಬಿಟ್ಟುಹೋದದ್ದರಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ತಗಡಿನ ಟ್ರಂಕು. ಒಳಗೆ 140 ಕ್ಯಾಸೆಟ್. ಬನಶಂಕರಿ ಜಾತ್ರೆಯಲ್ಲಿ ಕೊಂಡ ನಾಟಕಗಳು, ಶ್ರೀಕೃಷ್ಣ ಪಾರಿಜಾತ, ಧಾರವಾಡ ಆಕಾಶವಾಣಿಯಿಂದ ತಾನೇ ರೆಕಾರ್ಡ್ ಮಾಡಿಕೊಂಡಿದ್ದ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ವಚನ ಗಾಯನ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ನಮ್ಮ ಮನೆ ಮುಳುಗಡೆಯಾಗಿ ನವನಗರಕ್ಕೆ ಬರುವಾಗ ಬಾಗಿಲು, ತೊಲೆಗಳನ್ನೆಲ್ಲ ಬಿಚ್ಚಿಸಿ ಲಾರಿಗೆ ಹಾಕಿಸಿದ ಅಪ್ಪ, ಈ ಟ್ರಂಕನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದ.

ಒಂದು ಕ್ಯಾಸೆಟ್ಟಿನ ಮೇಲೆ ಏನೂ ಬರೆದಿರಲಿಲ್ಲ. ಅದರಲ್ಲಿ ಅವ್ವ ಬೀಸುಕಲ್ಲಿನ ಪದ ಹಾಡಿದ್ದಳು. 11 ನಿಮಿಷ. ಕಲ್ಲಿನ ಗರಗರ, ಬಳೆಗಳ ಸದ್ದು, ನಡುವೆ ಒಮ್ಮೆ, "ಸಾಕ್ರಿ, ಬಂದ್ ಮಾಡ್ರಿ ಅದನ್ನ" ಎಂದು ಅಪ್ಪನಿಗೆ ಗದರಿದ್ದು. ಅವ್ವನ ದನಿ ಎಂದು ನಮ್ಮಲ್ಲಿ ಉಳಿದದ್ದು ಅಷ್ಟೇ.

ಒಂದು ತಾಸಿನ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಯಲು ಒಂದು ತಾಸೇ ಬೇಕು, ಅವಸರ ಮಾಡುವಂತಿಲ್ಲ. ಒಂದು ಚಳಿಗಾಲ, ಒಂದು ಬೇಸಿಗೆ ಹಿಡಿಯಿತು. ದನಿಯ ಗುಣ ಕೆಡದಂತೆ ಎಲ್ಲವನ್ನೂ ಫ್ಲಾಕ್ ಕಡತಗಳಾಗಿ ಉಳಿಸಿದೆ, ಸುಮಾರು 40 ಜಿಬಿ ಆಯಿತು. ಬೂಷ್ಟು ಹಿಡಿದಿದ್ದ ಹತ್ತಾರು ಕ್ಯಾಸೆಟ್ಟುಗಳನ್ನು ಗುಜರಿಯವನಿಗೆ ಕೊಟ್ಟೆ. ಅವ್ವನದೂ ಅದರಲ್ಲಿತ್ತು. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯ.

ಆ ಧೈರ್ಯಕ್ಕೆ ಕಾರಣವೂ ಇತ್ತು. ನವನಗರದ ನನ್ನ ಕಂಪ್ಯೂಟರ್, ಬಾದಾಮಿಯ ಅಕ್ಕನದು, ಇಳಕಲ್ಲಿನಲ್ಲಿ ತಮ್ಮನ ಸೀರೆ ಅಂಗಡಿಯದು, ಮೂರನ್ನೂ ಇಂಟರ್ನೆಟ್ಟಿನಲ್ಲಿ ಜೋಡಿಸಿ ಸಿಂಕ್ ಮಾಡಿದ್ದೆ. ಒಂದು ಸುಟ್ಟರೂ ಇನ್ನೆರಡು ಇರುತ್ತವೆ ಎಂಬ ಲೆಕ್ಕ. ಒಂದು ಕಡೆ ಸೇರಿಸಿದ್ದು ಮೂರೂ ಕಡೆ ಸೇರುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಒಂದು ಕಡೆ ಅಳಿಸಿದ್ದು ಮೂರೂ ಕಡೆ ಅಳಿಯುತ್ತದೆ ಎಂಬುದು ಇರಲಿಲ್ಲ.

ದೀಪಾವಳಿ ಸೀಜನ್ನಿನಲ್ಲಿ ಸೀರೆಗಳ ಫೋಟೋ ಇಡಲು ಜಾಗ ಸಾಲದೆ ಅಂಗಡಿಯ ಹುಡುಗ ಒಂದು ದೊಡ್ಡ ಫೋಲ್ಡರ್ ಅಳಿಸಿದ. ಯಂತ್ರ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಹೀಗೆ ಸಿಂಕ್‌ನಲ್ಲಿ ಅಳಿದದ್ದು ನಮ್ಮ ಕಂಪ್ಯೂಟರಿನ ರಿಸೈಕಲ್ ಬಿನ್ನಿಗೂ ಬಂದಿರಲಿಲ್ಲ. ನಾನು ನೋಡಿದ್ದು ಮೂರು ವಾರದ ಮೇಲೆ. ಹುಡುಗನನ್ನು ಬೈದು ಏನು ಉಪಯೋಗ? ಅಳಿಸಿದ್ದರ ಹಳೆ ಪ್ರತಿ ಇಟ್ಟುಕೊಳ್ಳುವ ಸೌಲಭ್ಯ ಆ ತಂತ್ರಾಂಶದಲ್ಲೇ ಇತ್ತು, ನಾನು ಹಚ್ಚಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಆಕೆ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಹುನಗುಂದದ ಕಾಕಾಗ ಹಾಡು ತುಂಬಿ ಕೊಟ್ಟಿದ್ದಿ ಅಲ್ಲೇನು?" ಅಂದಳು.

ಕೊಟ್ಟಿದ್ದೆ, ಟ್ರ್ಯಾಕ್ಟರಿನಲ್ಲಿ ಕೇಳಲಿಕ್ಕೆ, 16 ಜಿಬಿಯ ಪೆನ್‌ಡ್ರೈವಿನಲ್ಲಿ. ಎಲ್ಲ ಹಿಡಿಸಲೆಂದು 128 ಕೆಬಿಪಿಎಸ್‌ನ ಎಂಪಿ3 ಮಾಡಿ, ಏನಿದೆ ಏನಿಲ್ಲ ನೋಡದೆ ತುಂಬಿದ್ದೆ. ಮರುದಿನ ಬೆಳಗಿನ ಬಸ್ಸಿಗೆ ಹುನಗುಂದಕ್ಕೆ ಹೋದೆ. ಕಾಕಾ ಹೊಲದಲ್ಲಿದ್ದ. ಧೂಳು ಮೆತ್ತಿದ ಪೆನ್‌ಡ್ರೈವು ಸ್ಟಿಯರಿಂಗ್ ಪಕ್ಕದಲ್ಲೇ ಸಿಕ್ಕಿಸಿತ್ತು. ಯಾವ ಕಂಪ್ಯೂಟರಿನ ಜೊತೆಗೂ ಜೋಡಿಸಿರದ ಏಕೈಕ ಪ್ರತಿ. ಹಚ್ಚಿದರೆ ಗರಗರ ಶುರುವಾಯಿತು. ಗುಣಮಟ್ಟ ಇಳಿದಿದೆ, ಬಳೆಯ ಸದ್ದು ತುಸು ಮಂಕು. ಆದರೆ ಗದರಿದ್ದು ಸ್ಪಷ್ಟ.

ಈಗ ಆರ್‌ಸಿಂಕ್ ಬಳಸುತ್ತೇನೆ. ನಾವಾಗಿ ಆಜ್ಞೆ ಕೊಡದೆ ಅದು ಆಚೆ ಕಡೆಯ ಕಡತ ಅಳಿಸುವುದಿಲ್ಲ. ಜೊತೆಗೆ ಒಂದು ಹಾರ್ಡ್ ಡಿಸ್ಕು, ಯುಗಾದಿಗೊಮ್ಮೆ ತುಂಬಿ, ವೈರು ಕಿತ್ತು, ಕಾಕಾನ ಮನೆಯ ಕಪಾಟಿನಲ್ಲಿ. ಉಳಿದ ಕ್ಯಾಸೆಟ್ಟುಗಳನ್ನು ಮತ್ತೆ ಮೊದಲಿನಿಂದ ಇಳಿಸುತ್ತಿದ್ದೇನೆ. ಗುಜರಿಗೆ ಹೋದವು ಹೋದವು.

ಅಂದು ಪೆನ್‌ಡ್ರೈವು ಕಿಸೆಗೆ ಹಾಕಿಕೊಂಡು ಹೊರಟವನನ್ನು ಕಾಕಾ ತಡೆದ. "ಕಾಪಿ ಮಾಡ್ಕೊಂಡು ನಾಳೆನ ತಂದ್ಕೊಡಪಾ. ರಂಟಿ ಹೊಡಿಯೂ ಮುಂದ ವೈನಿ ಪದ ಇಲ್ಲಂದ್ರ ನನಗ ನಿದ್ದಿ ಬರತೈತಿ."